ಇಪ್ಪತ್ತು ಸಾವಿರದಲ್ಲಿ ಮೊದಲ ರೋಡ್ ಸೈಕಲ್: ಹಣ ಕೊಡುವ ಮುನ್ನ

ಬೀದರ್ ಪಕ್ಕದ ಕೊಳಾರದಿಂದ ಓದುಗ ಸಹೋದರರೊಬ್ಬರು ಪತ್ರ ಬರೆದಿದ್ದಾರೆ. (ಚಿನ್ನದ ಗಣಿಯ ಕೋಲಾರವಲ್ಲ, ಕೈಗಾರಿಕಾ ಪ್ರದೇಶವಿರುವ ನಮ್ಮ ಕೊಳಾರ.) ಅವರ ವಯಸ್ಸು 42, ತೂಕ 82 ಕಿಲೋ. ಕಳೆದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ 6.1 ಬಂದಿದೆ. ಡಾಕ್ಟರು ಮಾತ್ರೆ ಬರೆದಿಲ್ಲ. ಊಟ ಹತೋಟಿಯಲ್ಲಿಡಿ, ಮೈ ಬೆವರುವಂತೆ ದುಡಿಸಿ, ಆಮೇಲೆ ನೋಡೋಣ ಎಂದಿದ್ದಾರೆ. ಈ ಸಹೋದರರ ತಂದೆ ಸಕ್ಕರೆ ಕಾಯಿಲೆಯಿಂದ ಕಾಲಿನ ಎರಡು ಬೆರಳು ಕಳೆದುಕೊಂಡವರು, ಹಾಗಾಗಿ ಮನೆಯವರಿಗೆಲ್ಲ ಭಯ. ಕೆಲಸದ ಜಾಗ ಎಂಟು ಕಿಲೋಮೀಟರ್ ದೂರ. ಕೈಯಲ್ಲಿ ಇಪ್ಪತ್ತು ಸಾವಿರ ರೂಪಾಯಿ ಇದೆ. ಮಗ ಮೊಬೈಲಿನಲ್ಲಿ ಒಂದು 'ರೋಡ್ ಬೈಕ್' ತೋರಿಸಿ, "ಅಬ್ಬಾ, ಇದನ್ನೇ ತಗೊಳ್ಳಿ" ಎನ್ನುತ್ತಿದ್ದಾನೆ. ಕೊಳ್ಳಲೇ, ಬೇಡವೇ ಎಂಬುದು ಅವರ ಪ್ರಶ್ನೆ.

ಬೈಕ್ ಎಂದರೆ ನಮ್ಮಲ್ಲಿ ಮೋಟಾರ್ ಸೈಕಲ್. ಇಲ್ಲಿ ಹೇಳುತ್ತಿರುವುದು ತುಳಿಯುವ ಸೈಕಲ್ಲೇ: ಕುರಿಯ ಕೊಂಬಿನಂತೆ ಕೆಳಗೆ ಬಾಗಿದ ಹ್ಯಾಂಡಲ್, ಸಪೂರ ಟಯರ್, ಹಗುರ ಮೈ, ಡಾಂಬರು ರಸ್ತೆಯಲ್ಲಿ ವೇಗವಾಗಿ ಓಡುವ ಜಾತಿ. ಗೊಂದಲವಾಗದಿರಲಿ ಎಂದು ಈ ಲೇಖನದಲ್ಲಿ ರೋಡ್ ಸೈಕಲ್ ಎಂದೇ ಬರೆಯುತ್ತೇನೆ.

ಮೊದಲು ಆರೋಗ್ಯದ ಮಾತು. ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದು ನಿಂತಿದೆ ಎಂದರ್ಥ, ಒಳಗೆ ಬಂದಿಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಹೊಸ್ತಿಲಲ್ಲಿ ನಿಂತವರು ಅದಕ್ಕಿಂತಲೂ ಹೆಚ್ಚು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಸಹೋದರರ ಎಂಟು ಕಿಲೋಮೀಟರನ್ನು ಗಂಟೆಗೆ 16 ಕಿ.ಮೀ. ವೇಗದಲ್ಲಿ ತುಳಿದರೆ ಅರ್ಧ ಗಂಟೆ. ಹೋಗಿ ಬರಲು ಒಂದು ಗಂಟೆ. ವಾರಕ್ಕೆ ಮೂರೇ ದಿನ ಹೋದರೂ 180 ನಿಮಿಷ ಆಯಿತು. ಜಿಮ್ಮಿನ ಫೀಸಿಲ್ಲ, ಬೇರೆ ಸಮಯ ಹೊಂದಿಸಬೇಕಿಲ್ಲ, ಹೇಗೂ ಹೋಗಲೇಬೇಕಾದ ದಾರಿ. ಬ್ರಿಟನ್ನಿನಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿ ಗ್ಲಾಸ್ಗೋದ ಸಂಶೋಧಕರು 2017ರಲ್ಲಿ ವರದಿ ಕೊಟ್ಟರು. ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವವರಲ್ಲಿ ಆ ಅವಧಿಯ ಸಾವಿನ ಪ್ರಮಾಣ ಇತರರಿಗಿಂತ ಸುಮಾರು 40 ಶೇಕಡಾ ಕಡಿಮೆ ಇತ್ತು. ಸೈಕಲ್ ತುಳಿಯುವವರು ಮೊದಲೇ ಆರೋಗ್ಯವಂತರಿರಬಹುದು, ಆದ್ದರಿಂದ ಆ ಅಂಕಿಯನ್ನು ಗ್ಯಾರಂಟಿ ಎಂದುಕೊಳ್ಳಬೇಡಿ. ದಿಕ್ಕು ಸರಿಯಿದೆ ಎನ್ನಲು ಅಷ್ಟು ಸಾಕು.

ಆದರೆ ಈ ಲಾಭವೆಲ್ಲ ತುಳಿದರೆ ಮಾತ್ರ. ಎಷ್ಟೋ ಮನೆಗಳಲ್ಲಿ ಹತ್ತು-ಹದಿನೈದು ಸಾವಿರದ ಗೇರ್ ಸೈಕಲ್ ಗೋಡೆಗೆ ಒರಗಿ ನಿಂತು, ಒದ್ದೆ ಬಟ್ಟೆ ಒಣಹಾಕುವ ಕೆಲಸಕ್ಕೆ ಬಿದ್ದಿರುವುದನ್ನು ನೀವೂ ನೋಡಿರುತ್ತೀರಿ. ಸೀಟು ನೋಯಿಸಿತು, ಬೆನ್ನು ಹಿಡಿಯಿತು, ಪಂಕ್ಚರಾದಾಗ ಟ್ಯೂಬ್ ಸಿಗಲಿಲ್ಲ ಎಂಬುವೇ ಬಹುಪಾಲು ಕಾರಣಗಳು. ಈ ಮೂರೂ ಕೊಳ್ಳುವ ದಿನವೇ ತಪ್ಪಿಸಬಹುದಾದವು.

ಮನೆಯ ಹಳೆ ಸೈಕಲ್ ಎಲ್ಲಿದೆ?

ಹಾಗಾಗಿ ಮೊದಲ ಸಲಹೆ, ಇಂದೇ ಏನೂ ಕೊಳ್ಳಬೇಡಿ. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರಕಾರ ಸೈಕಲ್ ಕೊಡಲು ಶುರು ಮಾಡಿತ್ತು. ಕೊರೊನಾ ಬರುವವರೆಗೂ ಅದು ನಡೆಯಿತು. ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳಲ್ಲಿ ಆ ಸೈಕಲ್ಲುಗಳು ಇಂದಿಗೂ ಕೊಟ್ಟಿಗೆಯಲ್ಲಿ, ಮಾಳಿಗೆಯ ಮೆಟ್ಟಿಲ ಕೆಳಗೆ ಸಿಗುತ್ತವೆ. ನಿಮ್ಮ ಮನೆಯಲ್ಲಿಲ್ಲದಿದ್ದರೆ ತಂಗಿಯ ಮನೆಯಲ್ಲೋ ಮಾಮುವಿನ ಮನೆಯಲ್ಲೋ ಇರುತ್ತದೆ. ಅದನ್ನು ಓಣಿಯ ಮಿಸ್ತ್ರಿಯ ಬಳಿ ಒಯ್ಯಿರಿ. ಎರಡು ಟಯರ್, ಟ್ಯೂಬ್, ಬ್ರೇಕ್ ರಬ್ಬರ್, ಚೈನಿಗೆ ಎಣ್ಣೆ, ಎಲ್ಲ ಸೇರಿ ಸಾವಿರ-ಒಂದೂವರೆ ಸಾವಿರದಲ್ಲಿ ಓಡುವಂತಾಗುತ್ತದೆ. ಒಂದು ತಿಂಗಳು ಅದರಲ್ಲೇ ಕೆಲಸಕ್ಕೆ ಹೋಗಿ.

ಆ ಒಂದು ತಿಂಗಳಲ್ಲಿ ನಿಮಗೆ ಗೊತ್ತಾಗುವ ಸಂಗತಿಗಳನ್ನು ಯಾವ ಅಂಗಡಿಯವನೂ ಹೇಳಲಾರ. ರಸ್ತೆಯ ಯಾವ ಭಾಗದಲ್ಲಿ ಗುಂಡಿ ಇದೆ, ಎಲ್ಲಿ ಲಾರಿಗಳು ತೀರಾ ಹತ್ತಿರ ಬರುತ್ತವೆ, ಸಂಜೆ ಎದುರುಗಾಳಿ ಎಷ್ಟು, ಕೆಲಸದ ಜಾಗದಲ್ಲಿ ಸೈಕಲ್ ಎಲ್ಲಿ ಇಡಬೇಕು, ನಿಮ್ಮ ಮೊಣಕಾಲು ಏನು ಹೇಳುತ್ತದೆ. ತಿಂಗಳಲ್ಲಿ ಹತ್ತು ದಿನವಾದರೂ ಹೋಗಿದ್ದರೆ ಹೊಸದನ್ನು ಕೊಳ್ಳಿ. ಹೋಗದಿದ್ದರೆ ಹದಿನೆಂಟು ಸಾವಿರ ಉಳಿಯಿತು, ನಡಿಗೆಗೆ ಒಳ್ಳೆಯ ಬೂಟು ತೆಗೆದುಕೊಳ್ಳಿ.

ನಮ್ಮ ನೆಲಕ್ಕೆ ಯಾವುದು?

ಬೀದರ್ ಊರು ಕೆಂಪು ಜಂಬಿಟ್ಟಿಗೆ ಕಲ್ಲಿನ ಪೀಠಭೂಮಿಯ ಅಂಚಿನಲ್ಲಿದೆ. ಮೇಲೆ ಇರುವವರೆಗೆ ದಾರಿ ಬಹುಪಾಲು ಸಮತಟ್ಟು. ಆದರೆ ಪೂರ್ವಕ್ಕೆ ಅಷ್ಟೂರಿನ ಗುಂಬಜ್‌ಗಳ ಕಡೆ ಹೋದರೂ ಇಳಿಜಾರು, ಔರಾದಿಗೆ ಹೋಗುವಾಗ ಮಾಂಜ್ರಾ ನದಿಯ ಕಡೆಗೂ ಇಳಿಜಾರು, ವಾಪಸು ಬರುವಾಗ ಏರು. ಔರಾದ್, ಭಾಲ್ಕಿ ತಾಲ್ಲೂಕುಗಳ ಬಹುಭಾಗ ಕಪ್ಪು ಮಣ್ಣು, ಯರೆ ನೆಲ. ಮಳೆಗಾಲದಲ್ಲಿ ಯರೆ ಮಣ್ಣು ಚಪ್ಪಲಿಗೆ ಹೇಗೆ ಕಚ್ಚಿಕೊಳ್ಳುತ್ತದೆಂದು ನಿಮಗೆ ಹೇಳಬೇಕಿಲ್ಲ. ಅದೇ ಮಣ್ಣು ರೋಡ್ ಸೈಕಲ್ಲಿನ ಟಯರಿಗೂ ಬ್ರೇಕಿಗೂ ನಡುವಿನ ಬೆರಳಗಲದ ಸಂದಿಯಲ್ಲಿ ತುಂಬಿಕೊಂಡರೆ ಚಕ್ರ ತಿರುಗುವುದೇ ಇಲ್ಲ. ಡಾಂಬರು ರಸ್ತೆಯಿಂದ ಮನೆಗೆ ಒಂದು ಫರ್ಲಾಂಗ್ ಕಚ್ಚಾ ದಾರಿ ಇದ್ದರೂ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಆದ್ದರಿಂದ ಸಹೋದರರಿಗೆ ನನ್ನ ನೇರ ಉತ್ತರ ಇದು. ಇಪ್ಪತ್ತು ಸಾವಿರಕ್ಕೆ ಬಾಗಿದ ಹ್ಯಾಂಡಲಿನ ಹೊಸ ರೋಡ್ ಸೈಕಲ್ ಕೊಳ್ಳಬೇಡಿ. ಆ ಬೆಲೆಗೆ ಸಿಗುವವುಗಳಲ್ಲಿ ಹೆಚ್ಚಿನವು ನೋಟಕ್ಕೆ ಮಾತ್ರ ರೇಸಿನವು. ಭಾರವಾದ ಮೈ, ಹಿಡಿಯದ ಬ್ರೇಕ್, ಬೇಗ ಸಡಿಲವಾಗುವ ಚಕ್ರ. ಬದಲಿಗೆ ನೇರ ಹ್ಯಾಂಡಲ್ ಇದ್ದು, ಚಕ್ರ ಮಾತ್ರ ರೋಡ್ ಸೈಕಲ್ಲಿನದೇ ಆದ 'ಹೈಬ್ರಿಡ್' ಜಾತಿಯದನ್ನು ನೋಡಿ. ಒಳ್ಳೆಯ ಬ್ರೇಕಿನ ನಿಜವಾದ ರೋಡ್ ಸೈಕಲ್ ಬೇಕೇಬೇಕೆಂದರೆ ಇಪ್ಪತ್ತೈದು-ಮೂವತ್ತು ಸಾವಿರ ಕೂಡಿಸುವವರೆಗೆ ಕಾಯಬೇಕು, ಇಲ್ಲವೇ ಬಳಸಿದ್ದನ್ನು ಹುಡುಕಬೇಕು.

ಮಗನಿಗೆ ಬೇಸರವಾಗಬಹುದು. ಅವನಿಗೆ ಹೀಗೆ ಹೇಳಿ: ಕರ್ನಾಟಕದಲ್ಲಿ ಸೈಕಲ್ ರೇಸಿಗೆ ಹೆಸರಾದ ಜಿಲ್ಲೆಗಳು ವಿಜಯಪುರ ಮತ್ತು ಬಾಗಲಕೋಟೆ. ಅಲ್ಲಿನ ಕ್ರೀಡಾ ಹಾಸ್ಟೆಲುಗಳಿಂದ ರಾಷ್ಟ್ರಮಟ್ಟದ ಸವಾರರು ಬಂದಿದ್ದಾರೆ. ಆ ಮಕ್ಕಳು ಅಷ್ಟು ಬಗ್ಗಿ ತುಳಿಯುವುದು ತರಬೇತುದಾರರ ಕಣ್ಣೆದುರು, ವರ್ಷಗಟ್ಟಲೆ ಪಳಗಿ. ನಲವತ್ತೆರಡರ, ಹೊಟ್ಟೆ ಸ್ವಲ್ಪ ಮುಂದೆ ಬಂದಿರುವ ಅಬ್ಬಾ ಮೊದಲ ದಿನವೇ ಹಾಗೆ ಬಗ್ಗಿದರೆ ಉಸಿರೂ ಸಲೀಸಾಗಿ ಆಡದು, ಕುತ್ತಿಗೆಯೂ ನೋಯುತ್ತದೆ.

ಅಳತೆ: ದರ್ಜಿಯ ಕೆಲಸ

ಬಟ್ಟೆ ಹೊಲಿಸುವಾಗ ಅಳತೆ ಕೊಡುವ ನಾವು ಸೈಕಲ್ಲಿಗೆ ಅಳತೆ ಕೊಡುವುದಿಲ್ಲ. ಗೇರು ಎಷ್ಟು, ಬಣ್ಣ ಯಾವುದು ಎಂದು ಕೇಳುತ್ತೇವೆ. ಸೊಂಟ, ಮೊಣಕಾಲು, ಅಂಗೈ ನೋವಿನ ಬಹುಪಾಲು ದೂರುಗಳು ಇಲ್ಲಿಂದಲೇ ಹುಟ್ಟುತ್ತವೆ.

ಮನೆಯಲ್ಲೇ ಅಳೆಯಬಹುದು. ಬರಿಗಾಲಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಲ್ಲಿ, ಪಾದಗಳ ನಡುವೆ ಒಂದು ಗೇಣು ಅಂತರ. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ತೊಡೆಗಳ ನಡುವೆ, ಸೀಟಿನ ಮೇಲೆ ಕೂತಂತೆ ಬಿಗಿಯಾಗುವವರೆಗೆ ಮೇಲೆ ತನ್ನಿ. ಪುಸ್ತಕದ ಮೇಲಂಚು ಗೋಡೆಗೆ ತಾಗುವಲ್ಲಿ ಮಗ ಪೆನ್ಸಿಲಿನಿಂದ ಗುರುತು ಹಾಕಲಿ. ನೆಲದಿಂದ ಆ ಗುರುತಿಗೆ ಇರುವ ಸೆಂಟಿಮೀಟರೇ ನಿಮ್ಮ ಒಳಗಾಲಿನ ಅಳತೆ. 78 ಸೆಂ.ಮೀ. ಬಂತೆನ್ನಿ. ಅದನ್ನು 0.67ರಿಂದ ಗುಣಿಸಿದರೆ ಸುಮಾರು 52. ರೋಡ್ ಸೈಕಲ್ಲಿನ ಫ್ರೇಮಿನ ಅಳತೆ ಅಷ್ಟಿರಬೇಕು. ಅದೇ 78ನ್ನು 0.883ರಿಂದ ಗುಣಿಸಿದರೆ ಸುಮಾರು 69. ಪೆಡಲುಗಳ ಕಾಲು ಕೂಡುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ಎತ್ತರ ಅದು. ಕೆಲವು ಕಂಪೆನಿಗಳು ಸೆಂಟಿಮೀಟರ್ ಬಿಟ್ಟು ಎಸ್, ಎಂ, ಎಲ್ ಎಂದು ಬರೆಯುತ್ತವೆ. ಒಂದರ ಎಂ ಇನ್ನೊಂದರ ಎಸ್ ಆಗಿರುವುದುಂಟು, ಆದ್ದರಿಂದ ಅಕ್ಷರ ನಂಬದೆ ಅಳತೆಯ ಪಟ್ಟಿ ಕೇಳಿ.

ಲೆಕ್ಕ ಬೇಡವೆಂದರೆ ಅಂಗಡಿಯಲ್ಲಿ ಹೀಗೆ ನೋಡಿ. ಮೇಲಿನ ಅಡ್ಡ ಕೊಳವೆಯ ಮೇಲೆ ಕಾಲು ಹಾಯಿಸಿ ನಿಂತಾಗ ಕನಿಷ್ಠ ಎರಡು ಬೆರಳಗಲ ಸಂದಿ ಇರಬೇಕು. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟಾಗ, ಪೆಡಲ್ ಕೆಳಗಿರುವಾಗ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮೊಣಕಾಲು ತುಸುವೇ ಮಡಚಿರುತ್ತದೆ, ಅದೇ ಸರಿ. ನಮ್ಮ ಕಡೆ ಸೀಟಿನ ಮೇಲೆ ಕೂತೇ ಎರಡೂ ಕಾಲು ನೆಲಕ್ಕೆ ಊರಬೇಕೆಂಬ ಹಟ ಬಹಳ. ಆ ಹಟದಿಂದ ಸೀಟು ತಗ್ಗಿಸಿಕೊಂಡು ಮೊಣಕಾಲು ಸವೆಸಿಕೊಂಡವರು ಕಡಿಮೆಯಿಲ್ಲ. ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಇಳಿದು ನಿಲ್ಲುವುದನ್ನು ಕಲಿಯಿರಿ, ಎರಡು ದಿನದ ಅಭ್ಯಾಸ.

ಹಣವನ್ನು ಹಂಚುವುದು

ಇಪ್ಪತ್ತು ಸಾವಿರವನ್ನೂ ಸೈಕಲ್ಲಿಗೇ ಸುರಿಯಬೇಡಿ. ಹೆಲ್ಮೆಟ್ಟಿಗೆ ಒಂದೂವರೆ ಸಾವಿರ, ಮುಂದಿನ ಬಿಳಿ ದೀಪ ಹಿಂದಿನ ಕೆಂಪು ದೀಪಕ್ಕೆ ಒಂಬೈನೂರು, ಗಾಳಿಯ ಒತ್ತಡ ತೋರಿಸುವ ಪಂಪಿಗೆ ಒಂಬೈನೂರು, ಎರಡು ಹೆಚ್ಚುವರಿ ಟ್ಯೂಬಿಗೆ ಆರುನೂರು, ಪಂಕ್ಚರ್ ಸಾಮಾನಿಗೆ ಇನ್ನೂರು, ಬೀಗಕ್ಕೆ ನಾನೂರು. ಒಟ್ಟು ನಾಲ್ಕೂವರೆ ಸಾವಿರ. ಇವು ನನ್ನ ಅಂದಾಜು, ಅಂಗಡಿಯಿಂದ ಅಂಗಡಿಗೆ ಸ್ವಲ್ಪ ಹೆಚ್ಚು ಕಡಿಮೆ. ಸೈಕಲ್ಲಿಗೆ ಉಳಿದದ್ದು ಹದಿನೈದೂವರೆ ಸಾವಿರ, ಆ ಬೆಲೆಗೆ ಸಾಧಾರಣವಾಗಿ ಒಳ್ಳೆಯ ಹೈಬ್ರಿಡ್ ಬರುತ್ತದೆ. ಸೈಕಲ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12 ಶೇಕಡಾದಿಂದ 5ಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ದರದ ಚೀಟಿ ತೋರಿಸಿದರೆ ಇದನ್ನು ನೆನಪಿಸಿ, ಬಿಲ್ ಮಾತ್ರ ತಪ್ಪದೆ ಪಡೆಯಿರಿ.

ಕಂತಿನಲ್ಲಿ ಕೊಡುತ್ತೇವೆ, ಬಡ್ಡಿಯೇ ಇಲ್ಲ ಎನ್ನುವವರಿದ್ದಾರೆ. ಪ್ರೊಸೆಸಿಂಗ್ ಶುಲ್ಕ, ನಗದಿಗೆ ಸಿಗುತ್ತಿದ್ದ ರಿಯಾಯಿತಿಯ ನಷ್ಟ, ಕಂತು ತಪ್ಪಿದರೆ ದಂಡ, ಎಲ್ಲವನ್ನೂ ಕೂಡಿಸಿ ನೋಡಿದ ಮೇಲೆ ಅದು ಬಡ್ಡಿಯೋ ಅಲ್ಲವೋ ಎಂದು ನಿಮ್ಮ ಆಲಿಮರನ್ನು ಕೇಳಿ. ನನ್ನನ್ನು ಕೇಳಿದರೆ, ಈ ಖರ್ಚು ತಡೆದರೆ ಯಾರ ಪ್ರಾಣವೂ ಹೋಗುವುದಿಲ್ಲ. ಮನೆಯ ಹಳೆ ಸೈಕಲ್ಲಿನಲ್ಲಿ ಇನ್ನೆರಡು ತಿಂಗಳು ತುಳಿಯುತ್ತಾ ಹಣ ಕೂಡಿಸಿ. ದಿನಕ್ಕೆ ಹದಿನಾರು ಕಿಲೋಮೀಟರಿನಂತೆ ವಾರಕ್ಕೆ ಮೂರು ದಿನ ಮೋಟಾರ್ ಸೈಕಲ್ ನಿಲ್ಲಿಸಿದರೆ ವಾರಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ಪೆಟ್ರೋಲಂತೂ ಉಳಿಯುತ್ತದೆ.

ಟಯರ್, ಟ್ಯೂಬ್, ವಾಲ್ವ್

ಸಣ್ಣ ಊರಿನಲ್ಲಿ ರೋಡ್ ಸೈಕಲ್ ಇಟ್ಟವರಿಗೆ ಬರುವ ತೊಂದರೆಯಲ್ಲಿ ಅರ್ಧ ಇಲ್ಲೇ ಇರುವುದರಿಂದ ಈ ಭಾಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ರೋಡ್ ಸೈಕಲ್ ಮತ್ತು ಹೈಬ್ರಿಡ್ ಎರಡರ ಚಕ್ರವನ್ನೂ '700ಸಿ' ಎನ್ನುತ್ತಾರೆ. ಟಯರ್ ಕೂರುವಲ್ಲಿ ರಿಮ್ಮಿನ ಅಡ್ಡಳತೆ 622 ಮಿ.ಮೀ. ನಮ್ಮ ಹಾಲಿನವರು, ಪೋಸ್ಟ್‌ಮ್ಯಾನ್‌ಗಳು ಓಡಿಸುವ ದೊಡ್ಡ ಕರಿ ಸೈಕಲ್ಲಿನದು 28 x 1½, ಅಂದರೆ 635 ಮಿ.ಮೀ. ನೋಡಲು ಒಂದೇ, ಆದರೆ ಒಂದರ ಟಯರ್ ಇನ್ನೊಂದಕ್ಕೆ ಕೂರುವುದಿಲ್ಲ. ಓಣಿಯ ಅಂಗಡಿಯಲ್ಲಿ ನೇತುಹಾಕಿರುವ ಟಯರು ನಿಮಗೆ ಆಗದು. ಅದಕ್ಕೇ ಎರಡು ಟ್ಯೂಬ್ ಮುಂಚೆಯೇ ಕೊಂಡಿಡಿ ಎಂದದ್ದು.

ಅಗಲ ಎಷ್ಟಿರಬೇಕು? ರೇಸಿನ ಹುಚ್ಚಿನವರು 23 ಅಥವಾ 25 ಮಿ.ಮೀ. ಕೇಳುತ್ತಾರೆ. ನಮ್ಮ ರಸ್ತೆಗೆ, 82 ಕಿಲೋ ತೂಕಕ್ಕೆ 32 ಮಿ.ಮೀ. ಇರಲಿ, 28ಕ್ಕಿಂತ ಕಡಿಮೆ ಬೇಡವೇ ಬೇಡ. ಗುಂಡಿಗೆ ಬಿದ್ದಾಗ ಸಪೂರ ಟಯರಿನ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತಾಗುತ್ತದೆ. ಅಗಲ ಟಯರಿನಿಂದ ವೇಗ ಕುಗ್ಗುವುದು ನೀವು ಗಮನಿಸದಷ್ಟು ಕಡಿಮೆ, ಬೆನ್ನಿಗೆ ಸಿಗುವ ಆರಾಮ ಮಾತ್ರ ಮೊದಲ ದಿನವೇ ಗೊತ್ತಾಗುತ್ತದೆ. 32ರ ಟಯರಿಗೆ ಈ ತೂಕದವರು ಮುಂದೆ 60, ಹಿಂದೆ 70 ಪಿಎಸ್‌ಐ ಸುಮಾರು ಗಾಳಿ ಹಿಡಿಯಬೇಕು. ಟಯರಿನ ಪಕ್ಕದಲ್ಲಿ ಬರೆದಿರುವ ಗರಿಷ್ಠ ಮಿತಿ ದಾಟಬಾರದು. ಹೆಬ್ಬೆರಳಿನಿಂದ ಒತ್ತಿ ನೋಡುವ ಪದ್ಧತಿ ಇಲ್ಲಿ ಸಾಲದು. ಸಪೂರ ಟಯರಿನ ಗಾಳಿ ತಾನಾಗಿಯೇ ಇಳಿಯುತ್ತದೆ, ವಾರಕ್ಕೊಮ್ಮೆ ತುಂಬಬೇಕು.

ಇನ್ನು ವಾಲ್ವ್. ಕರಿ ಸೈಕಲ್ಲಿನ ವಾಲ್ವ್ ಒಂದು ಬಗೆ, ಕಾರು-ಮೋಟಾರ್ ಸೈಕಲ್ಲಿನದು ಇನ್ನೊಂದು, ರೋಡ್ ಸೈಕಲ್ಲಿನಲ್ಲಿ ಹೆಚ್ಚಾಗಿ ಬರುವುದು ಪೆನ್ಸಿಲಿನಂತೆ ಸಪೂರವಾದ 'ಪ್ರೆಸ್ಟಾ' ಎಂಬ ಮೂರನೆಯ ಬಗೆ. ಇದಕ್ಕೆ ತುದಿಯ ಪುಟ್ಟ ತಿರುಪನ್ನು ಸಡಿಲಿಸಿ ಗಾಳಿ ಹೊಡೆಯಬೇಕು. ಪಂಕ್ಚರ್ ಅಂಗಡಿಯ ಹುಡುಗ ಇದನ್ನು ನೋಡಿರದಿದ್ದರೆ ಎಳೆದು ಮುರಿಯುತ್ತಾನೆ, ತಪ್ಪು ಅವನದಲ್ಲ. ಕಾರಿನ ಬಗೆಯ ವಾಲ್ವ್ ಇರುವ ಸೈಕಲ್ ಸಿಕ್ಕರೆ ಅದನ್ನೇ ಆರಿಸಿ, ಪೆಟ್ರೋಲ್ ಬಂಕಿನಲ್ಲೂ ಮೋಟಾರ್ ಸೈಕಲ್ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಸಿಗುತ್ತದೆ. ಪ್ರೆಸ್ಟಾ ಇದ್ದರೆ ಅದರ ತುದಿಗೆ ಹಾಕುವ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಅಗ್ಗದಲ್ಲಿ ಸಿಗುತ್ತದೆ, ಎರಡು ಕೊಂಡು ಒಂದನ್ನು ಬೀಗದ ಕೈ ಗೊಂಚಲಿಗೆ ಸಿಕ್ಕಿಸಿಕೊಳ್ಳಿ.

ಹಿಂದಿನ ಚಕ್ರದ ಕಡ್ಡಿಗಳನ್ನೂ ಎಣಿಸಿ. 32 ಅಥವಾ 36 ಇರಲಿ. ಇಪ್ಪತ್ತೇ ಕಡ್ಡಿಯ ಚಕ್ರ ನೋಡಲು ಚೆಂದ, ಅಗ್ಗದ ಸೈಕಲ್ಲಿನಲ್ಲಿ ಅದು ತೂಕದ ಸವಾರರ ಕೆಳಗೆ ಬಹುಕಾಲ ನೆಟ್ಟಗಿರುವುದಿಲ್ಲ.

ಗೇರು, ಬ್ರೇಕು

'21 ಗೇರ್' ಎಂಬ ಸ್ಟಿಕ್ಕರಿಗೆ ಮರುಳಾಗಬೇಡಿ. ಮುಂದೆ ಮೂರು, ಹಿಂದೆ ಏಳು ಹಲ್ಲುಚಕ್ರ ಗುಣಿಸಿದ ಲೆಕ್ಕ ಅದು. ಅರ್ಧದಷ್ಟು ಒಂದರ ಮೇಲೊಂದು ಬರುವಂಥವು. ನೀವು ಕೇಳಬೇಕಾದದ್ದು ಎಲ್ಲಕ್ಕಿಂತ ಹಗುರವಾದ ಗೇರು ಎಷ್ಟು ಹಗುರ ಎಂದು. ಕರಿ ಸೈಕಲ್ಲಿನಲ್ಲಿ ಮುಂದೆ 44, ಹಿಂದೆ 18 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ಬಂದಾಗ ಸೈಕಲ್ ಸುಮಾರು ಐದೂವರೆ ಮೀಟರ್ ಹೋಗುತ್ತದೆ. ಮುಂದೆ 34, ಹಿಂದೆ 28 ಇದ್ದರೆ ಎರಡೂವರೆ ಮೀಟರ್ ಚಿಲ್ಲರೆ. ಏರಿನಲ್ಲಿ ಮೊಣಕಾಲಿಗೆ ಬೀಳುವ ಭಾರ ಅರ್ಧಕ್ಕಿಂತ ಕಡಿಮೆಯಾಯಿತು. ಅಷ್ಟೂರಿನಿಂದ ಊರಿಗೆ ಹತ್ತುವಾಗ ಇಳಿದು ತಳ್ಳಬೇಕೋ ಕೂತೇ ಬರಬಹುದೋ ಎಂಬುದನ್ನು ನಿರ್ಧರಿಸುವುದು ಇದೇ. ಸಮತಟ್ಟಾದ ದಾರಿಯಲ್ಲಿ ಮಾತ್ರ ಓಡಾಡುವವರಿಗೆ ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಏಳು ಧಾರಾಳವಾಗಿ ಸಾಕು, ಕೆಡುವ ಭಾಗಗಳೂ ಕಡಿಮೆ.

ಬ್ರೇಕನ್ನು ಕೈಯಿಂದ ಒತ್ತಿ ನೋಡಿ. ಪೂರ್ತಿ ಒತ್ತಿದಾಗ ಹಿಡಿಕೆ ಹ್ಯಾಂಡಲಿಗೆ ತಾಗಿದರೆ ಅದನ್ನು ಸರಿಪಡಿಸಿ ತೋರಿಸುವವರೆಗೆ ಹಣ ಕೊಡಬೇಡಿ. ಮಳೆ, ಕೆಸರಿನ ದಾರಿಯವರಿಗೆ ಡಿಸ್ಕ್ ಬ್ರೇಕ್ ಒಳ್ಳೆಯದು. ಉಳಿದವರಿಗೆ ರಿಮ್ಮಿಗೆ ರಬ್ಬರ್ ಹಿಡಿಯುವ ಸಾದಾ ಬ್ರೇಕ್ ಸಾಕು, ಓಣಿಯ ಮಿಸ್ತ್ರಿಗೂ ಅದು ಗೊತ್ತು. ಉಕ್ಕಿನ ಫ್ರೇಮೋ ಅಲ್ಯೂಮಿನಿಯಮ್ಮೋ ಎಂಬ ಚರ್ಚೆಗೆ ಈ ಬೆಲೆಯಲ್ಲಿ ಹೆಚ್ಚು ಅರ್ಥವಿಲ್ಲ. ಎರಡು ಕಿಲೋ ವ್ಯತ್ಯಾಸ ಬಂದೀತು. ಅದನ್ನು ನಾವು ನಮ್ಮ ಹೊಟ್ಟೆಯಿಂದ ಇಳಿಸೋಣ.

ಬಳಸಿದ ಸೈಕಲ್ ಕೊಳ್ಳುವುದಾದರೆ

ಹೈದರಾಬಾದ್ ನಮಗೆ ರೈಲಿನಲ್ಲಿ ಕೆಲವೇ ಗಂಟೆಗಳ ದಾರಿ. ಕೊರೊನಾ ಕಾಲದಲ್ಲಿ ಹುರುಪಿನಿಂದ ಕೊಂಡು ಆಮೇಲೆ ಬಿಟ್ಟವರ ಒಳ್ಳೆಯ ಸೈಕಲ್ಲುಗಳು ಇಂಥ ದೊಡ್ಡ ಊರುಗಳಲ್ಲಿ ಸಿಗುತ್ತವೆ. ಅರ್ಧ ಬೆಲೆಗೆ ನಿಜವಾದ ರೋಡ್ ಸೈಕಲ್ ಸಿಗುವ ದಾರಿ ಇದೊಂದೇ. ಫೋಟೊ ನೋಡಿ ಮುಂಗಡ ಕಳಿಸಬೇಡಿ, ಕೈಯಾರೆ ಮುಟ್ಟಿ ನೋಡಿ.

ಪೆಡಲಿನ ಅಚ್ಚಿನ ಕೆಳಭಾಗದಲ್ಲಿ ಫ್ರೇಮಿನ ನಂಬರು ಕೊರೆದಿರುತ್ತದೆ. ಬಿಲ್ಲಿನೊಂದಿಗೆ ಹೋಲಿಸಿ. ನಂಬರನ್ನು ಉಜ್ಜಿ ಅಳಿಸಿದ್ದರೆ ಮಾತು ಮುಂದುವರಿಸದೆ ಎದ್ದು ಬನ್ನಿ. ಕದ್ದ ಮಾಲಿನ ಮೇಲೆ ಕೂತು ಆರೋಗ್ಯ ಸಂಪಾದಿಸುವುದು ನಮಗೆ ಬೇಡ. ಕೆಳಗಿನ ಓರೆ ಕೊಳವೆ ಹ್ಯಾಂಡಲಿನ ಕಡೆ ಕೂಡುವ ಬೆಸುಗೆಯ ಹತ್ತಿರ ಬಣ್ಣ ಸುಕ್ಕುಗಟ್ಟಿದೆಯೇ, ಕೂದಲೆಳೆಯಂಥ ಬಿರುಕಿದೆಯೇ ನೋಡಿ, ಇದ್ದರೆ ಡಿಕ್ಕಿಯಾಗಿರಬಹುದು. ಕಾರ್ಬನ್ ಫ್ರೇಮಿನದನ್ನು ಬಳಸಿದ್ದು ಕೊಳ್ಳಲೇಬೇಡಿ, ಒಳಗಿನ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಚಕ್ರ ಎತ್ತಿ ತಿರುಗಿಸಿ, ಅಕ್ಕಪಕ್ಕ ಓಲಾಡಬಾರದು. ಪೆಡಲಿನ ಕಾಲು ಹಿಡಿದು ಅತ್ತಿತ್ತ ಅಲ್ಲಾಡಿಸಿ, ಟಕ್ ಎನ್ನಬಾರದು.

ಚೈನಿಗೆ ಶಾಲೆಯ ಸ್ಕೇಲು ಸಾಕು. ಸೊನ್ನೆಯನ್ನು ಒಂದು ಪಿನ್ನಿನ ನಡುವೆ ಹಿಡಿದರೆ 12 ಇಂಚಿನ ಗೆರೆ ಇನ್ನೊಂದು ಪಿನ್ನಿನ ಸರಿ ನಡುವೆ ಬರಬೇಕು. ಪಿನ್ನು ಗೆರೆಯಿಂದ ಇಂಚಿನ ಹದಿನಾರನೇ ಒಂದು ಭಾಗ, ಅಂದರೆ ಒಂದೂವರೆ ಮಿ.ಮೀ. ಆಚೆ ಹೋಗಿದ್ದರೆ ಚೈನ್ ಬದಲಿಸಬೇಕು. ಎಂಟನೇ ಒಂದು ಭಾಗ ಹೋಗಿದ್ದರೆ ಹಿಂದಿನ ಹಲ್ಲುಚಕ್ರಗಳೂ ಸವೆದಿವೆ. ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಹೊಸದಾದರೆ ಇನ್ನೊಂದು ಎಚ್ಚರಿಕೆ. ಗೇರ್ ಸೈಕಲ್ಲುಗಳು ಪೆಟ್ಟಿಗೆಯಲ್ಲಿ ಅರೆಬರೆ ಜೋಡಿಸಿದ ಸ್ಥಿತಿಯಲ್ಲಿ ಬರುತ್ತವೆ. ಮನೆಗೇ ಪೆಟ್ಟಿಗೆ ತರಿಸಿಕೊಂಡು ಯಾರೋ ಆತುರದಲ್ಲಿ ಬಿಗಿದರೆ ಒಳ್ಳೆಯ ಸೈಕಲ್ಲೂ ಮೊದಲ ವಾರವೇ ಕಿರುಗುಡುತ್ತದೆ. ಎಡಗಡೆಯ ಪೆಡಲಿನ ತಿರುಪು ಉಲ್ಟಾ ಎಂದು ಗೊತ್ತಿಲ್ಲದೆ ಬಲವಂತವಾಗಿ ಬಿಗಿದು ಹಾಳು ಮಾಡಿದ್ದನ್ನು ನಾನೇ ನೋಡಿದ್ದೇನೆ. ಬಿಗಿದವನು ನಾನೇ ಎಂದು ಒಪ್ಪಿಕೊಂಡುಬಿಡುತ್ತೇನೆ. ಐನೂರು ರೂಪಾಯಿ ಹೆಚ್ಚಾದರೂ ಎದುರಿಗೆ ಜೋಡಿಸಿ, ಓಡಿಸಿ ನೋಡಲು ಬಿಟ್ಟು, ತಿಂಗಳ ನಂತರ ವೈರುಗಳು ಸಡಿಲವಾದಾಗ ಉಚಿತವಾಗಿ ಬಿಗಿದುಕೊಡುವ ಅಂಗಡಿಯಲ್ಲೇ ಕೊಳ್ಳಿ.

ಮೈ, ಬಟ್ಟೆ, ಶುಚಿ

ಮೊದಲ ಎರಡು ವಾರ ಕೂರುವ ಎಲುಬುಗಳು ನೋಯುತ್ತವೆ, ಅದು ಸಹಜ. ಮೆತ್ತನೆಯ ದಪ್ಪ ಜೆಲ್ ಸೀಟು ಕೊಂಡರೆ ನೋವು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು, ಏಕೆಂದರೆ ಮೆತ್ತೆ ಕುಸಿದು ಎಲುಬಿನ ಬದಲು ನಡುವಿನ ಮೃದು ಭಾಗಕ್ಕೆ ಒತ್ತುತ್ತದೆ. ಆ ಭಾಗ ಜೋಮು ಹಿಡಿದರೆ ಮಾತ್ರ ಸಹಜವಲ್ಲ. ಸೀಟಿನ ಮೂತಿ ಮೇಲಕ್ಕೆದ್ದಿದ್ದರೆ ಮಟ್ಟಸ ಮಾಡಿ, ಆಗಾಗ ಎದ್ದು ನಿಂತು ತುಳಿಯಿರಿ. ಆದರೂ ಹೋಗದಿದ್ದರೆ ಡಾಕ್ಟರನ್ನು ಕಾಣಿ. ಮೂಲವ್ಯಾಧಿ ಇರುವವರು ಮೊದಲೇ ಕೇಳಿಕೊಳ್ಳಿ.

ಒಳಗೆ ಪ್ಯಾಡ್ ಇರುವ ಸೈಕಲ್ ಚಡ್ಡಿ ಉಪಯುಕ್ತ. ಅದರ ಮೇಲೆ ಮೊಣಕಾಲು ದಾಟುವ ಸಡಿಲ ಪ್ಯಾಂಟ್ ಹಾಕಿದರೆ ಔರತ್‌ನ ಪ್ರಶ್ನೆಯೂ ಮುಗಿಯಿತು. ಅದರೊಳಗೆ ಬೇರೆ ಚಡ್ಡಿ ಹಾಕಬಾರದು, ಹೊಲಿಗೆ ಉಜ್ಜುತ್ತದೆ. ದಿನಾ ಒಗೆಯಬೇಕು. ಬೆವರಿದ ಬಟ್ಟೆಯಲ್ಲೇ ಪಾಳಿ ಮುಗಿಸಿದರೆ ತೊಡೆಸಂದಿಯಲ್ಲಿ ಗಜಕರ್ಣ ಬರುವುದು ನಿಶ್ಚಿತವೆಂದೇ ಇಟ್ಟುಕೊಳ್ಳಿ, ಸಕ್ಕರೆ ಅಂಶ ಹೆಚ್ಚಿರುವವರಿಗೆ ಇನ್ನೂ ಬೇಗ. ಚೀಲದಲ್ಲಿ ಒಂದು ಜೊತೆ ಒಣ ಬಟ್ಟೆ, ಪುಟ್ಟ ಟವೆಲ್ ಇರಲಿ. ರಾಸಾಯನಿಕ ಕಾರ್ಖಾನೆಯಲ್ಲಿ ಕೆಲಸ ಮಾಡುವವರು ಅಲ್ಲಿಯ ಬಟ್ಟೆಯಲ್ಲೇ ಸೈಕಲ್ ಹತ್ತಬಾರದು. ಕೈ-ಮುಖ ತೊಳೆದು ಬಟ್ಟೆ ಬದಲಿಸಿ ಹೊರಡಿ, ಆ ಪುಡಿ ಮನೆಯ ಮಕ್ಕಳವರೆಗೆ ಬರಬಾರದು.

ಚೈನಿನ ಕರಿ ಎಣ್ಣೆ ಕೈಗೆ ಅಂಟಿದರೆ ಪೆಟ್ರೋಲ್, ಸೀಮೆಎಣ್ಣೆ ಹಚ್ಚಿ ತಿಕ್ಕಬೇಡಿ, ಚರ್ಮ ಒಡೆಯುತ್ತದೆ. ಒಂದು ಚಮಚ ಅಡುಗೆ ಎಣ್ಣೆಯಲ್ಲಿ ಕೈ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು. ಉಗುರಿನ ಬುಡದಲ್ಲಿ ಗ್ರೀಸ್ ಗಟ್ಟಿಯಾಗಿ ಕೂತರೆ ವುಝೂ ಮಾಡುವಾಗ ನೀರು ಚರ್ಮಕ್ಕೆ ತಾಗುವುದಿಲ್ಲ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೆಗೆಯಿರಿ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಶುರು ಮಾಡಬಾರದು. ತುಳಿಯುವಾಗ ಸಕ್ಕರೆ ಏಕಾಏಕಿ ಇಳಿಯಬಹುದು. ಕೈ ನಡುಕ, ತಣ್ಣನೆ ಬೆವರು, ಕಣ್ಣು ಮಂಜಾಗುವುದು ಅದರ ಲಕ್ಷಣ. ಕೂಡಲೇ ನಿಂತು ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಿರಿ, ಹದಿನೈದು ನಿಮಿಷ ಕಾಯಿರಿ. ಜೇಬಿನಲ್ಲಿ ಸಕ್ಕರೆ ಪೊಟ್ಟಣ ಸದಾ ಇರಲಿ. ರಮಝಾನಿನಲ್ಲಿ ಇವರು ಉಪವಾಸವಿದ್ದು ಸೈಕಲ್ ತುಳಿಯುವುದು ಬೇಡ. ಆರೋಗ್ಯವಂತರು ಇಫ್ತಾರಿನ ನಂತರ ಲಘುವಾಗಿ ತುಳಿಯಬಹುದು. ಎದೆನೋವು, ಭುಜಕ್ಕೆ ಸೆಳೆತ ಬಂದರೆ ಯಾರೇ ಆಗಲಿ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಸಹೋದರಿಯರೂ ಇದನ್ನು ಓದುತ್ತಿರುವಿರೆಂದು ಗೊತ್ತು. ಶಾಲೆಯ ಸೈಕಲ್ಲಿನಲ್ಲಿ ಹೋಗಿ ಬಂದ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲೇ ಇದ್ದಾರೆ, ಮದುವೆಯಾದ ಮೇಲೆ ಸೈಕಲ್ ಬಿಡಲೇಬೇಕೆಂಬ ನಿಯಮವೇನಿಲ್ಲ. ಅಡ್ಡ ಕೊಳವೆ ತಗ್ಗಿರುವ ಫ್ರೇಮ್, ಪೂರ್ತಿ ಮುಚ್ಚಿದ ಚೈನ್ ಕವರ್, ಹಿಂದಿನ ಚಕ್ರದ ಮೇಲ್ಭಾಗಕ್ಕೆ ಬಟ್ಟೆ ತಡೆಯುವ ಜಾಲಿ ಇರುವುದನ್ನು ಆರಿಸಿ. ಬುರ್ಖಾದ ಅಂಚು, ದುಪಟ್ಟಾದ ತುದಿ ಕಡ್ಡಿಗೆ ಸಿಕ್ಕಿದರೆ ಬೀಳುವುದು ಕ್ಷಣದಲ್ಲಿ. ಬಟನ್ ಇರುವ ಪಟ್ಟಿಯಿಂದ ಕಣಕಾಲಿನ ಹತ್ತಿರ ಕಟ್ಟಿಕೊಳ್ಳಿ, ದುಪಟ್ಟಾದ ಎರಡೂ ತುದಿ ಒಳಗೆ ಸಿಕ್ಕಿಸಿ. ನಿಮಗೆ ರೋಡ್ ಸೈಕಲ್ಲಿನ ತೆರೆದ ಚೈನ್ ಸೂಕ್ತವಲ್ಲ.

ಹೊರಡುವ ಹೊತ್ತು ಫಜ್ರ್ ನಂತರದ್ದಾದರೆ ಅತ್ಯುತ್ತಮ, ರಸ್ತೆ ಖಾಲಿ, ಗಾಳಿ ತಂಪು. ಚಳಿಗಾಲದಲ್ಲಿ ಆ ಹೊತ್ತಿಗೆ ಇನ್ನೂ ಮಬ್ಬುಗತ್ತಲೆ, ಬೀದರಿನ ಚಳಿಗೆ ಕಿವಿಯೂ ಮುಚ್ಚಬೇಕು. ಎರಡೂ ದೀಪ ಉರಿಯಲಿ, ಸೈಕಲ್ಲಿನೊಂದಿಗೆ ಬಂದ ಹೊಳೆಯುವ ರಿಫ್ಲೆಕ್ಟರುಗಳನ್ನು ಚೆಂದಕ್ಕೆಂದು ಕಳಚಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಪಾಳಿ ಇದ್ದ ದಿನ ಸೈಕಲ್ ಮನೆಯಲ್ಲೇ ಇರಲಿ. ಕಿವಿಯಲ್ಲಿ ಇಯರ್‌ಫೋನ್ ಬೇಡ, ಹಿಂದೆ ಬರುವ ಲಾರಿಯ ಸದ್ದೇ ನಿಮಗಿರುವ ಕನ್ನಡಿ.

ಕೊಳಾರದ ಸಹೋದರರೇ, ಮೊದಲ ವಾರ ಒಂದೇ ದಿನ ಹೋಗಿ, ಎರಡನೆಯ ವಾರ ಎರಡು ದಿನ, ಆಮೇಲೆ ಮೂರು. ಎಚ್‌ಬಿಎ1ಸಿ ತೋರಿಸುವುದು ಹಿಂದಿನ ಎರಡು-ಮೂರು ತಿಂಗಳ ಸರಾಸರಿಯನ್ನು, ಆದ್ದರಿಂದ ಹದಿನೈದು ದಿನಕ್ಕೇ ಲ್ಯಾಬಿಗೆ ಓಡಬೇಡಿ. ಮೂರು ತಿಂಗಳಾದ ಮೇಲೆ ಪರೀಕ್ಷೆ ಮಾಡಿಸಿ, ಅದೇ ವಾರ ಸ್ಕೇಲು ಹಿಡಿದು ಚೈನನ್ನೂ ಅಳೆಯಿರಿ. ಎರಡೂ ಅಂಕಿಗಳನ್ನು ನಮಗೆ ಬರೆದು ಕಳಿಸಿ.